ಪೀ ಮಾಕ್: ಮಾಕ್‌ಗೆ ಮೊದಲೇ ಗೊತ್ತಿತ್ತು ಅಂದಮೇಲೆ ನಾವು ನೋಡಿದ್ದು ಯಾವ ಸಿನಿಮಾ?

ಕೊನೇಬೆಂಚು

ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ಇಡೀ ಕಥೆ ಬಯಲಾಗುತ್ತೆ. ನೋಡದವರು ನೋಡ್ಕೊಂಡು ಬನ್ನಿ.

2013ರ ಮಾರ್ಚ್ 28ರಂದು ಥಾಯ್ಲೆಂಡಿನಲ್ಲಿ ಬಿಡುಗಡೆಯಾದ ದೆವ್ವದ ಹಾಸ್ಯ ಚಿತ್ರ. ನಿರ್ದೇಶಕ ಬಂಚೋಂಗ್ ಪಿಸಂತನಕುನ್. ಯುದ್ಧದಲ್ಲಿ ಗಾಯಗೊಂಡ ಮಾಕ್ ನಾಲ್ಕು ಜನ ಗೆಳೆಯರ ಜತೆ ತನ್ನೂರು ಪ್ರಾಖನೋಂಗಿಗೆ ವಾಪಸ್ ಬರ್ತಾನೆ. ಕಾಲುವೆ ದಡದ ಮನೆಯಲ್ಲಿ ಹೆಂಡತಿ ನಾಕ್ ಕೂಸನ್ನೆತ್ತಿಕೊಂಡು ಕಾಯ್ತಿದಾಳೆ. ಊರವರು ಇವರನ್ನು ಕಂಡರೆ ಬಾಗಿಲು ಹಾಕ್ಕೋತಾರೆ. ನಾಕ್ ಹೆರಿಗೆಯಲ್ಲೇ ಸತ್ತಿದಾಳೆ ಅನ್ನೋದು ಗೆಳೆಯರಿಗೆ ಒಬ್ಬೊಬ್ಬರಿಗಾಗಿ ತಿಳಿಯುತ್ತೆ. ಅಲ್ಲಿಂದ ಮುಂದೆ ಅವರ ಪಾಡು ಒಂದೇ: ಮಾಕ್‌ಗೆ ಇದನ್ನು ಹೇಳೋದು ಹೇಗೆ?

ಕೊನೆಗೆ ದೇವಸ್ಥಾನದಲ್ಲಿ ಮಾಕ್ ಬಾಯಿಬಿಡ್ತಾನೆ. ಅವನಿಗೆ ಆಗಲೇ ಗೊತ್ತಿತ್ತಂತೆ. ದೆವ್ವ ಅಂದ್ರೆ ಭಯ, ಆದರೆ ಅವಳಿಲ್ಲದೆ ಬದುಕೋದು ಅದಕ್ಕಿಂತ ಭಯ ಅನ್ನೋ ಅರ್ಥದ ಮಾತಾಡ್ತಾನೆ. ಇಬ್ಬರೂ ಒಂದಾಗ್ತಾರೆ, ಗೆಳೆಯರೂ ಅಲ್ಲೇ ಉಳೀತಾರೆ.

ನನ್ನ ಪ್ರಶ್ನೆ: ಇದು ಸರಿಯಾಗಿ ಕಟ್ಟಿದ ಕೊನೆಯಾ, ಇಲ್ಲಾ ಕೊನೇ ಗಳಿಗೆಯಲ್ಲಿ ಅಂಟಿಸಿದ ಕಣ್ಣೀರಾ? ಮಾಕ್‌ಗೆ ಗೊತ್ತಿತ್ತು ಅನ್ನೋದನ್ನ ತಲೆಯಲ್ಲಿಟ್ಕೊಂಡು ಮೊದಲಿಂದ ನೋಡಿದ್ರೆ ಲೆಕ್ಕ ತಾಳೆಯಾಗುತ್ತಾ?

ರೀಲುಡಬ್ಬಿ

ತಾಳೆ ನೋಡೋಕೆ ಮುಂಚೆ ಅಲ್ಲಿನ ಜನ ಥಿಯೇಟರಿಗೆ ಏನನ್ನು ಹೊತ್ತುಕೊಂಡು ಬಂದಿದ್ರು ಅನ್ನೋದು ಗೊತ್ತಿರಬೇಕು. ಈ ಚಿತ್ರಕ್ಕೆ ಮೂಲವಾದ ಮೇ ನಾಕ್ ಅನ್ನೋ ಜಾನಪದ ಕಥೆ ಅಲ್ಲಿ ಮಕ್ಕಳಿಗೂ ಬಾಯಿಪಾಠ. ‘ಮೇ’ ಅಂದರೆ ತಾಯಿ. ನಾಕ್ ಸತ್ತಿದಾಳೆ ಅನ್ನೋದು ಅಲ್ಲಿ ಯಾರಿಗೂ ಗುಟ್ಟಲ್ಲ, ಪೋಸ್ಟರ್ ನೋಡಿದವನಿಗೂ ಗೊತ್ತು. 1959ರಲ್ಲಿ ಬಂದ ಚಿತ್ರ ದೊಡ್ಡ ಹೆಸರು ಮಾಡಿತ್ತು, 1999ರಲ್ಲಿ ನೊನ್ಸೀ ನಿಮಿಬುತ್ರ್ ಅವರ ‘ನಾಂಗ್ ನಾಕ್’ ಬಂತು, ಒಪೆರಾ ಕೂಡ ಆಗಿದೆ.

ಜಾನಪದದಲ್ಲಿ ತಿರುವು ಬರೋದು ಒಂದು ನಿಂಬೆಹಣ್ಣಿನಿಂದ. ಕಂಬದ ಮೇಲೆ ಎತ್ತರಿಸಿ ಕಟ್ಟಿದ ಮನೆ, ನೆಲದ ಹಲಗೆಗಳ ನಡುವೆ ಸಂದು. ನಾಕ್ ಒರಳಲ್ಲಿ ಮೆಣಸಿನಕಾಯಿ ಚಟ್ನಿ ಕುಟ್ಟುತ್ತಿರುವಾಗ ನಿಂಬೆಹಣ್ಣು ಸಂದಿಯಿಂದ ಕೆಳಗೆ ಬೀಳುತ್ತೆ. ಏಣಿ ಇಳಿದು ಹೋಗೋ ಬದಲು ಕೂತಲ್ಲಿಂದಲೇ ಕೈ ಉದ್ದ ಮಾಡಿ ನೆಲ ಮುಟ್ಟಿ ಎತ್ತಿಕೋತಾಳೆ. ಗಂಡ ನೋಡಿಬಿಡ್ತಾನೆ.

ಆಮೇಲೆ ಅವನು ಓಡೋ ಉಪಾಯ ಇನ್ನೂ ಚೆನ್ನಾಗಿದೆ. ನೀರಿನ ಹಂಡೆಗೆ ತೂತು ಕೊರೆದು ಮಣ್ಣು ಮೆತ್ತಿಟ್ಟಿರ್ತಾನೆ. ರಾತ್ರಿ ಉಚ್ಚೆಗೆ ಹೋಗ್ತೀನಿ ಅಂತ ಕೆಳಗಿಳಿದು ಮಣ್ಣು ಕಿತ್ತುಬಿಡ್ತಾನೆ. ನೀರು ಸುರಿಯೋ ಸದ್ದು ಕೇಳ್ತಾ ಅವಳು ಮೇಲೆ ಕಾಯ್ತಾ ಇರ್ತಾಳೆ, ಇವನು ಕತ್ತಲಲ್ಲಿ ಓಡ್ತಾ ಇರ್ತಾನೆ. ದಾರಿಯಲ್ಲಿ ‘ನಾಟ್’ ಅನ್ನೋ ಕರ್ಪೂರದ ವಾಸನೆಯ ಗಿಡದ ಮರೆಯಲ್ಲಿ ಅಡಗ್ತಾನೆ, ದೆವ್ವಗಳಿಗೆ ಅದು ಆಗಿಬರಲ್ಲ ಅಂತ ನಂಬಿಕೆ. ಅಲ್ಲಿಂದ ಮಹಾಬುತ್ ದೇವಸ್ಥಾನ.

ಈಗ ಬಂಚೋಂಗ್ ಮಾಡಿದ ಬದಲಾವಣೆ ನೋಡಿ. ನಿಂಬೆಹಣ್ಣಿನ ದೃಶ್ಯ ಇದೆ, ಆದರೆ ಅದನ್ನು ನೋಡಿ ಹೌಹಾರೋದು ಗೆಳೆಯರ ಕಡೆಯವರು, ಗಂಡ ಅಲ್ಲ. ಹೆದರೋ ಕೆಲಸವನ್ನೆಲ್ಲ ಮಾಕ್‌ನಿಂದ ಕಿತ್ತು ಆ ನಾಲ್ಕು ಜನಕ್ಕೆ ಹಂಚಿಬಿಟ್ಟಿದಾರೆ. ಮಾಕ್‌ಗೆ ಉಳಿದದ್ದು ಅಳೋದು, ನಗೋದು, ಹೆಂಡತಿ ಹಿಂದೆ ಸುತ್ತೋದು. ನಾವು ಅವನನ್ನ ‘ಪಾಪ, ದಡ್ಡ’ ಅಂದ್ಕೋತೀವಿ. ಆ ದಡ್ಡತನವೇ ಮುಖವಾಡ ಅನ್ನೋದು ಕೊನೆಗೆ ಗೊತ್ತಾಗೋದು.

ಸಬ್‌ಟೈಟಲ್ ಸುಬ್ಬಿ

ಹೆಸರಲ್ಲೇ ಸುಳಿವಿದೆ, ಇಂಗ್ಲಿಷ್ ಸಬ್‌ಟೈಟಲಲ್ಲಿ ಅದು ಸತ್ತುಹೋಗಿದೆ. ಥಾಯ್‌ನಲ್ಲಿ ‘ಪೀ’ ಅನ್ನೋದನ್ನ ಎತ್ತರದಿಂದ ಇಳಿಸಿ ಹೇಳಿದರೆ ಅಣ್ಣ ಅಥವಾ ಅಕ್ಕ. ಅದನ್ನೇ ಕೆಳಗಿಂದ ಏರಿಸಿ ಹೇಳಿದರೆ ದೆವ್ವ. ಹೆಂಡತಿಯರು ಗಂಡನನ್ನ ಪ್ರೀತಿಯಿಂದ ‘ಪೀ’ ಅಂತ ಕರೆಯೋದು ಅಲ್ಲಿ ಮಾಮೂಲು. ನಮ್ಮಲ್ಲಿ ಗಂಡನ್ನ ಅಣ್ಣ ಅಂದ್ರೆ ಮನೆ ಎರಡಾಗುತ್ತೆ, ಹಾಗಾಗಿ ಇದನ್ನು ‘ರೀ’ ಅಂತಲೇ ಓದ್ಕೊಳ್ಳಿ. ನದಿ ದಡದಲ್ಲಿ ನಿಂತು ಅವಳು ‘ಪೀ ಮಾಕ್’ ಅಂತ ಎಳೆದು ಕರೆಯೋ ಕೂಗು ಈ ಕಥೆಯ ಗುರುತು.

ಅದಕ್ಕಿಂತ ಮುಖ್ಯವಾದದ್ದು: ಕಥೆ ಯಾವತ್ತೂ ನಾಕ್ ಹೆಸರಲ್ಲೇ ನಡೆದುಬಂದದ್ದು. ಇಲ್ಲಿ ಹೆಸರು ಗಂಡನದ್ದು. ‘ಅವಳು ಏನು?’ ಅನ್ನೋ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತು. ‘ಅವನಿಗೆ ಏನು ಗೊತ್ತು?’ ಅನ್ನೋದೇ ಇಲ್ಲಿ ಕಥೆ. ಪೋಸ್ಟರಲ್ಲೇ ಬರೆದಿಟ್ಟಿದ್ರು, ನಾವು ಗಮನಿಸಲಿಲ್ಲ ಅಷ್ಟೇ.

ಹರಳೆಣ್ಣೆ

ನಾನು ಒಪ್ಪಲ್ಲ. ದೋಣಿಯ ದೃಶ್ಯ ತಗೊಳ್ಳಿ. ಜಾತ್ರೆಯ ಭೂತಬಂಗಲೆಯಿಂದ ಮಾಕ್‌ನ ಎಳ್ಕೊಂಡು ಗೆಳೆಯರು ದೋಣಿ ಹತ್ತಿಸ್ತಾರೆ. ಅಲ್ಲಿ ‘ಯಾರು ದೆವ್ವ’ ಅನ್ನೋ ಅನುಮಾನ ಮಾಕ್ ಮೇಲೇ ತಿರುಗುತ್ತೆ. ಮಂತ್ರಿಸಿದ ಅಕ್ಕಿ ಎರಚ್ತಾರೆ, ಅವನು ನೋವಿಂದ ಕಿರುಚ್ತಾನೆ. ಸತ್ತವನು ಇವನೇ ಅಂತ ತೀರ್ಮಾನ. ಆಮೇಲೆ ನೋಡಿದರೆ ಅಕ್ಕಿ ಬಿದ್ದದ್ದು ಯುದ್ಧದ ಗಾಯದ ಮೇಲೆ. ಮುಂದೆ ಗೆಳೆಯರಲ್ಲೊಬ್ಬನಾದ ಏಯ್ ಹತ್ತಿರ ನಾಕ್‌ಳ ಉಂಗುರ ಸಿಗುತ್ತೆ, ಅವನೇ ದೆವ್ವ ಅಂತ ಒದ್ದು ನೀರಿಗೆ ತಳ್ತಾರೆ. ಪಾಪ ಅವನು ಜೂಜಿಗೆ ಅಂತ ಹೆಣದಿಂದ ಕದ್ದದ್ದು.

ಇಷ್ಟೆಲ್ಲ ಆಗುವಾಗ, ನಾಕ್ ದೆವ್ವ ಅಂತ ಖಚಿತವಾಗಿ ಗೊತ್ತಿರೋ ಮನುಷ್ಯ ಸುಮ್ಮನೆ ಕೂತಿರ್ತಾನಾ? ಗೆಳೆಯನನ್ನ ನೀರಿಗೆ ದಬ್ಬುವಾಗಲಾದ್ರೂ ಒಂದು ಮಾತು ಆಡಬೇಡ್ವಾ? ಇದು ನಗಿಸೋಕೆ ಬರೆದ ದೃಶ್ಯ, ತಿರುವು ಆಮೇಲೆ ಹೊಳೆದದ್ದು.

ಕೊನೇಬೆಂಚು

ಹರಳೆಣ್ಣೆ ಅವರ ಪ್ರಶ್ನೆ ಚೆನ್ನಾಗಿದೆ. ಏಯ್‌ನ ತಳ್ಳೋ ಜಾಗ ನನಗೂ ಒಳಗೆ ಇಳಿಯಲಿಲ್ಲ.

ಮಧ್ಯಂತರ

ದೋಣಿಯ ದೃಶ್ಯ ಯಾಕೆ ಹಾಗಿದೆ ಅನ್ನೋದಕ್ಕೆ ಉತ್ತರ ಈ ಚಿತ್ರದ ಹೊರಗಿದೆ. ತೇ, ಪುಅಕ್, ಶಿನ್, ಏಯ್: ಈ ನಾಲ್ಕು ಹೆಸರು, ಇದೇ ನಾಲ್ಕು ನಟರು, ಇದೇ ನಿರ್ದೇಶಕರ ಎರಡು ಕಿರುಚಿತ್ರಗಳಲ್ಲಿ ಮೊದಲೇ ಬಂದಿದ್ದವು. 2008 ಮತ್ತು 2009ರಲ್ಲಿ ಹಲವು ನಿರ್ದೇಶಕರ ದೆವ್ವದ ಕಥೆಗಳ ಎರಡು ಗೊಂಚಲು ಬಂದಿತ್ತಲ್ಲ, ಅದರಲ್ಲಿ. 2008ರ ಕಥೆಯಲ್ಲಿ ನಾಲ್ಕು ಜನ ಕಾಡಿಗೆ ಹೋಗಿ ಟೆಂಟ್ ಹಾಕಿರ್ತಾರೆ, ‘ನಮ್ಮಲ್ಲಿ ಸತ್ತವನು ಯಾರು’ ಅನ್ನೋ ಗುಮಾನಿಯೇ ಇಡೀ ಕಥೆ.

ಆ ಕಥೆ ನೋಡಿದವನು ಪೀ ಮಾಕ್‌ಗೆ ಬಂದಾಗ ಈ ನಾಲ್ಕು ಮುಖ ಕಂಡ ಕೂಡಲೇ ‘ಓಹೋ, ಇವರೇ ಎಲ್ಲೋ ಸತ್ತಿರಬೇಕು’ ಅಂತ ಕಾಯೋಕೆ ಶುರು ಮಾಡ್ತಾನೆ. ಯುದ್ಧಭೂಮಿಯಿಂದ ಬಂದವರು ಬೇರೆ. ದೋಣಿ ಇರೋದು ಅಂಥ ಪ್ರೇಕ್ಷಕನಿಗಾಗಿ. ಅವನು ಊಹಿಸಿಟ್ಟ ಒಂದೊಂದೇ ತಿರುವನ್ನು ಅವನೆದುರೇ ಎತ್ತಿ ತೋರಿಸಿ, ನಗಿಸಿ, ನೀರಿಗೆ ಎಸೀತಾರೆ. ಮಾಕ್ ಸತ್ತಿದಾನಾ? ಇಲ್ಲ. ಏಯ್? ಇಲ್ಲ. ಎಲ್ಲ ಖಾಲಿ ಆದಮೇಲೆ ಕಣ್ಣೆದುರೇ ಇದ್ದ ಒಂದು ಸಾಧ್ಯತೆ ಮಾತ್ರ ಉಳಿಯುತ್ತೆ, ಅದನ್ನ ಯಾರೂ ಯೋಚಿಸಿರಲ್ಲ. ‘ಯಾರು ಸತ್ತವರು’ ಅಂತ ಹುಡುಕ್ತಾ ಇದ್ದವರಿಗೆ ‘ಯಾರಿಗೆ ಗೊತ್ತು’ ಅನ್ನೋ ಕಡೆ ಕಣ್ಣೇ ಹೋಗಿರಲ್ಲ.

ಇನ್ನು ಮಾಕ್ ಯಾಕೆ ಸುಮ್ಮನಿದ್ದ ಅನ್ನೋದು. ಗುಮಾನಿ ತನ್ನ ಮೇಲೆ, ಏಯ್ ಮೇಲೆ ತಿರುಗಿದಷ್ಟು ಹೊತ್ತು ನಾಕ್ ಕ್ಷೇಮ. ಅವನು ಬಾಯಿ ಬಿಟ್ಟರೆ ‘ನನಗೂ ಗೊತ್ತು’ ಅಂತ ಒಪ್ಪಿಕೊಂಡ ಹಾಗೆ, ಆಮೇಲೆ ಆಟ ಮುಗೀತು. ಏಯ್‌ನ ತಳ್ಳೋದು ಮಾತ್ರ ನಗೆಯ ಖಾತೆಗೇ ಸೇರಿದ್ದು, ಅದನ್ನ ಸಮರ್ಥಿಸೋಕೆ ನಾನೂ ಹೋಗಲ್ಲ.

ರೀಲುಡಬ್ಬಿ

ಮಧ್ಯಂತರ ಅವರ ಮಾತಿಗೆ ಒಂದು ಸೇರಿಸ್ತೀನಿ. ಬಂಚೋಂಗ್ ಅವರ ಹಿಂದಿನ ಎರಡು ದೊಡ್ಡ ಚಿತ್ರಗಳು, 2004ರ ‘ಶಟರ್’, 2007ರ ‘ಅಲೋನ್’. ಎರಡನ್ನೂ ಪಾಕ್‌ಪೂಮ್ ವೋಂಗ್‌ಪೂಮ್ ಜತೆ ಸೇರಿ ಮಾಡಿದ್ದು. ಎರಡರಲ್ಲೂ ಕೊನೆಗೆ ಒಂದು ಗುಟ್ಟು ಬಯಲಾಗುತ್ತೆ, ಎರಡರಲ್ಲೂ ಗುಟ್ಟು ಅಂದರೆ ಪಾಪ. ನಾವು ಯಾರ ಪರವಾಗಿ ಹೆದರ್ತಾ ಇದ್ವೋ ಅವರೇ ಏನೋ ಮಾಡಿ ಮುಚ್ಚಿಟ್ಟಿರ್ತಾರೆ, ದೆವ್ವ ಬಂದಿರೋದು ಅದಕ್ಕೇ. ‘ಅಲೋನ್’ ಕನ್ನಡದವರಿಗೆ ಗೊತ್ತಿರೋದೇ. 2012ರಲ್ಲಿ ಪ್ರಿಯಾಮಣಿ ಸಯಾಮಿ ಅವಳಿಗಳಾಗಿ ಮಾಡಿದ ‘ಚಾರುಲತಾ’ ಅದರದ್ದೇ ರೀಮೇಕ್.

ಪೀ ಮಾಕ್‌ನಲ್ಲೂ ಅಚ್ಚು ಅದೇ. ನಾಯಕ ಒಂದು ವಿಷಯ ಮುಚ್ಚಿಟ್ಟಿದಾನೆ, ಕೊನೆಗೆ ಹೊರಗೆ ಬರುತ್ತೆ. ಆದರೆ ಈ ಸಲ ಮುಚ್ಚಿಟ್ಟದ್ದು ಪಾಪ ಅಲ್ಲ, ದುಃಖ. ಹೆಂಡತಿ ಸತ್ತಿದಾಳೆ ಅಂತ ಗೊತ್ತಾದ ದಿನ ಅವನು ಒಬ್ಬನೇ ಅತ್ತು, ಕಣ್ಣೊರೆಸಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಇದ್ದುಬಿಟ್ಟಿದಾನೆ. ದೆವ್ವದ ಚಿತ್ರಕ್ಕೆ ಅಂತ ಕಲಿತ ಕಸುಬನ್ನೇ ಪ್ರೇಮಕಥೆಗೆ ಬಳಸಿರೋದು ಇಲ್ಲಿ. ಅಂಟಿಸಿದ ಕಣ್ಣೀರು ಅನ್ನೋದನ್ನ ನಾನಂತೂ ಒಪ್ಪಲ್ಲ.

ಹರಳೆಣ್ಣೆ

ಸರಿ, ಆದರೆ ಅವನು ಕಂಡುಕೊಂಡದ್ದು ಹೇಗೆ? ಅದನ್ನಾದ್ರೂ ನ್ಯಾಯವಾಗಿ ತೋರಿಸಿದಾರಾ?

ಸಬ್‌ಟೈಟಲ್ ಸುಬ್ಬಿ

ತೋರಿಸಿದಾರೆ, ಅದೂ ಮೊದಲು ನಗಿಸೋಕೆ ಬಳಸಿದ ಸಾಧನದಿಂದಲೇ. ಬೆನ್ನು ತಿರುಗಿಸಿ ನಿಂತು, ಬಗ್ಗಿ, ಎರಡು ಕಾಲಿನ ಸಂದಿಯಿಂದ ಹಿಂದಕ್ಕೆ ನೋಡಿದರೆ ದೆವ್ವ ದೆವ್ವವಾಗಿಯೇ ಕಾಣುತ್ತೆ ಅಂತ ಥಾಯ್ ಜನರ ನಂಬಿಕೆ. ಗೆಳೆಯರು ಅದನ್ನು ಮಾಡುವಾಗ ಭಂಗಿಯೇ ನಗು ತರಿಸುತ್ತೆ. ಕೊನೆಯ ಫ್ಲ್ಯಾಶ್‌ಬ್ಯಾಕಲ್ಲಿ ಮಾಕ್ ಅದೇ ಥರ ಬಗ್ತಾನೆ. ಅಂಡು ಮೇಲೆತ್ತಿ, ತಲೆ ಕೆಳಗೆ ಮಾಡಿ ನಿಂತ ಅದೇ ಹಾಸ್ಯಾಸ್ಪದ ಭಂಗಿ. ತಲೆಕೆಳಗಾದ ಮುಖದಲ್ಲಿ ಅಳು. ಈ ಸಲ ಥಿಯೇಟರಲ್ಲಿ ಯಾರೂ ನಗಲ್ಲ. ಒಂದೇ ಭಂಗಿ, ಎರಡು ಕೆಲಸ. ಇದಕ್ಕಿಂತ ನ್ಯಾಯವಾಗಿ ಇನ್ನು ಹೇಗೆ ತೋರಿಸಬೇಕಿತ್ತು?

ಮಧ್ಯಂತರ

ದೇವಸ್ಥಾನದ ದೃಶ್ಯವನ್ನೂ ಬಿಡಿಸಿ ನೋಡಬೇಕು, ಅಲ್ಲಿ ಕೆಡೋದು ಏನು ಅನ್ನೋದರಲ್ಲೇ ಅರ್ಥ ಇದೆ. ಥಾಯ್ ದೆವ್ವದ ಕಥೆಗಳಲ್ಲಿ ರಕ್ಷಣೆಯ ಸಾಮಾನು ಹೆಚ್ಚುಕಮ್ಮಿ ಇಷ್ಟೇ: ಸುತ್ತ ಬಿಗಿದ ‘ಸಾಯ್ ಸಿನ್’ ಅನ್ನೋ ಬಿಳಿ ನೂಲು, ಮಂತ್ರಿಸಿದ ನೀರು, ಮಂತ್ರಿಸಿದ ಅಕ್ಕಿ, ಇವೆಲ್ಲಕ್ಕೂ ಬಲ ತುಂಬೋ ಒಬ್ಬ ಭಿಕ್ಷು. ಗಂಭೀರ ಚಿತ್ರದಲ್ಲಾದರೆ ಇವು ಒಂದೊಂದಾಗಿ ಸೋಲೋದು ದೆವ್ವದ ಶಕ್ತಿ ದೊಡ್ಡದು ಅಂತ ತೋರಿಸೋಕೆ. ಇಲ್ಲಿ ಸೋಲಿಸೋರು ಒಳಗಿರೋ ನಾಲ್ಕು ಜನವೇ. ಗಾಬರಿಯಲ್ಲಿ ಇರೋದನ್ನೆಲ್ಲ ತಾವೇ ಚೆಲ್ಲಿ, ತಾವೇ ಕೆಡಿಸಿ, ಕೊನೆಗೆ ಭಿಕ್ಷುವೂ ಓಟ ಕೀಳ್ತಾನೆ. ನಾಕ್ ಚಾವಣಿಯಿಂದ ತಲೆಕೆಳಗಾಗಿ ನೇತಾಡ್ತಾಳೆ, 1999ರ ಚಿತ್ರದಲ್ಲಿ ಮೈ ನಡುಗಿಸಿದ್ದ ಚಿತ್ರಿಕೆಯದೇ ನೆನಪು ತರೋ ಹಾಗೆ.

ಆಗ ಉಳಿಯೋದೇನು? ನೂಲಿಲ್ಲ, ನೀರಿಲ್ಲ, ಅಕ್ಕಿಯಿಲ್ಲ, ಸನ್ಯಾಸಿಯಿಲ್ಲ. ಗಂಡ, ಹೆಂಡತಿ, ನಾಲ್ಕು ಜನ ಪುಕ್ಕಲರು. ಮಾಕ್ ಮಾತಾಡೋಕೆ ಜಾಗ ಆಗೋದೇ ಆವಾಗ. ಬೇರೆ ಎಲ್ಲ ದಾರಿಯನ್ನೂ ನಗಿಸ್ತಾ ನಗಿಸ್ತಾ ಮುಚ್ಚಿದ ಮೇಲೆ.

ತಾಳೆಗರಿ

ಮೂಲ ಕಥೆಯಲ್ಲಿ ಧರ್ಮ ಗೆಲ್ಲೋದು ಅನ್ನೋದನ್ನ ಮರೀಬಾರದು. ಒಬ್ಬ ಮಂತ್ರವಾದಿ ಅವಳನ್ನ ಮಡಕೆಯಲ್ಲಿ ಬಂಧಿಸಿ ಕಾಲುವೆಗೆ ಬಿಡ್ತಾನೆ, ಹೇಗೋ ಹೊರಗೆ ಬರ್ತಾಳೆ. ಕೊನೆಗೆ ಸೋಮ್ದೆತ್ ತೋ ಅನ್ನೋ ಹಿರಿಯ ಭಿಕ್ಷು (ಇವರು ಚರಿತ್ರೆಯಲ್ಲಿ ನಿಜವಾಗಿ ಇದ್ದವರು, 19ನೇ ಶತಮಾನದವರು) ಅವಳನ್ನ ಶಾಂತಗೊಳಿಸಿ, ಹಣೆಯ ಮೂಳೆ ತೆಗೆದು ಸೊಂಟದ ಪಟ್ಟಿಗೆ ಕಟ್ಟಿಕೊಂಡರು ಅಂತ ಹೇಳ್ತಾರೆ. 1999ರ ಚಿತ್ರ ಇದನ್ನೇ ಹಿಡಿದು ಹೋಗುತ್ತೆ. ಪ್ರೀತಿ ನಿಜ, ಆದರೆ ಅಂಟಿಕೊಳ್ಳೋದು ದುಃಖಕ್ಕೆ ಮೂಲ, ಬಿಡಬೇಕು. ಅಲ್ಲಿನ ವಿದಾಯ ನೋಡಿ ಅಳದವರು ಕಮ್ಮಿ.

ಪೀ ಮಾಕ್ ‘ಬಿಡಲ್ಲ’ ಅನ್ನುತ್ತೆ. ಬೌದ್ಧ ದೇಶದಲ್ಲಿ, ದೇವಸ್ಥಾನದ ಒಳಗೇ, ಸನ್ಯಾಸಿಯನ್ನು ಓಡಿಸಿ ಗಂಡ ‘ನಾನು ಬಿಡಲ್ಲ’ ಅನ್ನೋದು ಸಣ್ಣ ಮಾತಲ್ಲ. ಹಾಸ್ಯ ಅಂತ ಇದ್ದದ್ದಕ್ಕೆ ಜನ ಒಪ್ಪಿಕೊಂಡ್ರು ಅಂತ ನನ್ನ ಅನಿಸಿಕೆ. ಒಪ್ಪಿಕೊಂಡದ್ದು ಎಷ್ಟರ ಮಟ್ಟಿಗೆ ಅಂದ್ರೆ ಗಳಿಕೆ 100 ಕೋಟಿ ಬಾತ್ (ಅಲ್ಲಿನ ಹಣ) ಆಸುಪಾಸು ಹೋಯ್ತು, ಅಲ್ಲಿವರೆಗಿನ ಥಾಯ್ ಚಿತ್ರಗಳಲ್ಲೇ ಅತಿ ಹೆಚ್ಚು.

ಹರಳೆಣ್ಣೆ

ಒಂದು ನಿಮಿಷ. ಅವಳು ಊರಲ್ಲಿ ಜನರನ್ನ ಕೊಂದಿಲ್ವಾ? ಅಂಗಡಿ ಹೆಂಗಸು ಕಾಲುವೆಯಲ್ಲಿ ಹೆಣವಾಗಿ ಸಿಕ್ಕಳಲ್ಲ. ಕೊಲೆ ಮಾಡಿದವಳ ಜತೆ ಸುಖಸಂಸಾರ ಅಂದ್ರೆ ಹೇಗೆ?

ರೀಲುಡಬ್ಬಿ

ಅದನ್ನೇ ಚಿತ್ರ ತಿರುಗಿಸಿರೋದು. ಹಳೆಯ ರೂಪಗಳಲ್ಲಿ ಗುಟ್ಟು ಹೇಳೋಕೆ ಹೋದವರ ಕುತ್ತಿಗೆ ಮುರೀತಾಳೆ ನಾಕ್. ಇಲ್ಲಿ ಅಂಗಡಿಯ ಮುದುಕಿ ಕುಡಿದ ಅಮಲಲ್ಲಿ ನೀರಿಗೆ ಬಿದ್ದು ಸತ್ತದ್ದು. ಹಿಂದಿನ ರಾತ್ರಿ ಮಾಕ್ ಮುಂದೆ ಗುಟ್ಟು ಹೇಳೋಕೆ ಬಂದಿದ್ದಳು, ಬೆಳಗ್ಗೆ ಹೆಣ. ಎರಡನ್ನೂ ಗಂಟು ಹಾಕಿದ್ದು ಊರವರು, ಗೆಳೆಯರು, ಜತೆಗೆ ನಾವು. ನಾಕ್ ತಾನು ಯಾರನ್ನೂ ಕೊಂದಿಲ್ಲ ಅಂತ ಕೊನೆಗೆ ಹೇಳುವಾಗ, ಹಿಂದೆ ತಿರುಗಿ ನೋಡಿದರೆ ಅವಳು ಯಾರನ್ನಾದ್ರೂ ಮುಟ್ಟಿದ್ದನ್ನ ಚಿತ್ರ ತೋರಿಸೇ ಇಲ್ಲ. ತೋರಿಸಿದ್ದೆಲ್ಲ ಗುರಾಯಿಸಿ ನೋಡಿದ್ದು, ಅಡುಗೆ ಮಾಡಿದ್ದು, ಕಾದದ್ದು. ಮಾಕ್‌ನನ್ನೂ ಸಾಯಿಸಿ ಜತೆಗೆ ಕರ್ಕೊಂಡು ಹೋಗಬಹುದಿತ್ತು, ಕೈ ಬರಲಿಲ್ಲ ಅವಳಿಗೆ.

ತಾಳೆಗರಿ

ಊರವರ ಮಾತಿನಿಂದಲೇ ದೆವ್ವ ಹುಟ್ಟೋದು ಅನ್ನೋದಕ್ಕೆ ಹಳೆಯ ದಾಖಲೆಯೇ ಇದೆ. 1899ರ ಮಾರ್ಚಿನಲ್ಲಿ ‘ಸಯಾಂ ಪ್ರಪೇತ್’ ಪತ್ರಿಕೆಯಲ್ಲಿ ಕುಲಾಪ್ ಅನ್ನೋ ಬರಹಗಾರ ಕೊಟ್ಟ ವಿವರಣೆ ಹೀಗೆ: ನಾಕ್ ಅನ್ನೋಳು ಪ್ರಾಖನೋಂಗಿನ ಮುಖಂಡನೊಬ್ಬನ ಮಗಳು, ಬಸುರಿಯಾಗಿದ್ದಾಗ ಸತ್ತಳು, ಗಂಡನ ಹೆಸರು ಮಾಕ್ ಅಲ್ಲ, ಚುಮ್. ಚುಮ್ ಇನ್ನೊಂದು ಮದುವೆ ಆದರೆ ಆಸ್ತಿ ಹಂಚಿಹೋಗುತ್ತೆ ಅಂತ ಅವನ ಮಗನೇ ಹೆಂಗಸಿನ ಬಟ್ಟೆ ಹಾಕ್ಕೊಂಡು ಕಾಲುವೆಯಲ್ಲಿ ಹೋಗೋ ದೋಣಿಗಳಿಗೆ ಕಲ್ಲು ಹೊಡೆದು ದೆವ್ವದ ಸುದ್ದಿ ಹಬ್ಬಿಸಿದ. ಅಂದ್ರೆ ಈ ಕಥೆಯ ಬುಡದಲ್ಲೇ ಒಂದು ಹಾಸ್ಯ ಚಿತ್ರಕ್ಕೆ ಬೇಕಾದ ಸಾಮಾನು ಬಿದ್ದಿತ್ತು. ನೂರು ವರ್ಷ ಯಾರೂ ಎತ್ಕೊಳ್ಳಲಿಲ್ಲ!

ಕೊನೇಬೆಂಚು

ಮಹಾಬುತ್ ದೇವಸ್ಥಾನ ಈಗಲೂ ಇದೆಯಲ್ವಾ?

ತಾಳೆಗರಿ

ಬ್ಯಾಂಕಾಕಲ್ಲೇ, ಸುಖುಮ್‌ವಿತ್ 77ನೇ ಅಡ್ಡರಸ್ತೆಯ ಒಳಗೆ, ಪ್ರಾಖನೋಂಗ್ ಕಾಲುವೆ ಪಕ್ಕ. ಆವರಣದಲ್ಲಿ ನಾಕ್‌ಳ ಗುಡಿ. ಬಣ್ಣದ ಉಡುಪು, ಕೂಸಿಗೆ ಆಟದ ಸಾಮಾನು ಹರಕೆಯಾಗಿ ಬರುತ್ತೆ. ಅವಳ ಮೂರ್ತಿ ಎದುರು ಟಿವಿ ಹಚ್ಚಿಟ್ಟಿರ್ತಾರೆ, ಬೇಜಾರಾಗಬಾರದಲ್ಲ. ಲಾಟರಿ ನಂಬರ್ ಕೇಳೋರು ಒಂದು ಕಡೆ. ಇನ್ನೊಂದು ಕಡೆ ಏಪ್ರಿಲ್‌ನ ಸೇನಾ ಚೀಟಿ ಎತ್ತೋ ದಿನ ಹತ್ತಿರ ಬಂದಾಗ ಬರೋ ಹುಡುಗರು. ಕಪ್ಪು ಚೀಟಿ ಬಂದರೆ ಬಚಾವ್, ಕೆಂಪು ಬಂದರೆ ಸೇನೆ. ತನ್ನ ಗಂಡನನ್ನ ಯುದ್ಧಕ್ಕೆ ಎಳೆದುಕೊಂಡು ಹೋದದ್ದಕ್ಕೆ ಅವಳಿಗೆ ಸೇನೆ ಕಂಡ್ರೆ ಆಗಲ್ಲ, ಹಾಗಾಗಿ ಕಾಪಾಡ್ತಾಳೆ ಅಂತ ನಂಬಿಕೆ.

ಅಂದರೆ ಜನ ಅವಳನ್ನ ಯಾವತ್ತೋ ಓಡಿಸೋದು ಬಿಟ್ಟು ಜತೆಗಿಟ್ಟುಕೊಂಡಿದಾರೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ಸಾಗಹಾಕೋ ನಮ್ಮ ಪದ್ಧತಿಯಲ್ಲ ಅದು. ಚಿತ್ರದ ಕೊನೆ ಮೂಲ ಕಥೆಗೆ ವಿರುದ್ಧ ಅನ್ನಿಸಬಹುದು, ಗುಡಿಯ ರೂಢಿಗೆ ಮಾತ್ರ ಸರಿಹೊಂದುತ್ತೆ.

ಸಬ್‌ಟೈಟಲ್ ಸುಬ್ಬಿ

ಎರಡನೇ ಸಲ ನೋಡೋರಿಗೆ: ಗೆಳೆಯರ ಮುಖ ಬಿಟ್ಟು ಮಾಕ್ ಮುಖ ಮಾತ್ರ ನೋಡಿ. ಕಷ್ಟ, ಯಾಕಂದ್ರೆ ಪ್ರತಿ ಫ್ರೇಮಲ್ಲೂ ಆ ನಾಲ್ಕು ಜನ ಕಣ್ಣು ಎಳೀತಾರೆ, ಅದಕ್ಕೇ ಅವರನ್ನ ಅಲ್ಲಿ ನಿಲ್ಲಿಸಿರೋದು. ಮೂಕಾಭಿನಯದಿಂದ ಪದ ಊಹಿಸೋ ಆಟ ಬರುತ್ತಲ್ಲ, ಅಲ್ಲಿಂದ ಶುರು ಮಾಡಿ. ಗೆಳೆಯರು ನಾಕ್ ಎದುರೇ ‘ದೆವ್ವ’ ಅನ್ನೋದನ್ನ ಕೈಸನ್ನೆಯಲ್ಲಿ ಹೇಳೋಕೆ ಒದ್ದಾಡ್ತಾರೆ. ಮೊದಲ ಸಲ ಅದು ದಡ್ಡನಿಗೆ ಅರ್ಥ ಆಗದ ನಗು. ಎರಡನೇ ಸಲ ಅವನು ಬೇಕಂತಲೇ ತಪ್ಪು ಉತ್ತರ ಹೇಳ್ತಿದಾನಾ ಅನ್ನೋ ಸಂಶಯ ಬರುತ್ತೆ. ಚಿತ್ರ ಅದನ್ನ ಖಚಿತ ಮಾಡಲ್ಲ, ಮಾಡಬೇಕಾಗೂ ಇಲ್ಲ.

ಆಮೇಲೆ ಹೆಸರುಗಳು ಓಡುವಾಗ ಎದ್ದು ಹೋಗಬೇಡಿ. ಇಡೀ ಚಿತ್ರದಲ್ಲಿ ಹೆದರಿಸಿದ ಉದ್ದ ಕೈ ಅಲ್ಲಿ ಮನೆಗೆಲಸಕ್ಕೂ ಆಟಕ್ಕೂ ಬರುತ್ತೆ.

ಹರಳೆಣ್ಣೆ

ಬಗ್ಗಿ ನೋಡೋ ದೃಶ್ಯದ ವಿಷಯಕ್ಕೆ ನಾನು ಸೋತೆ. ದೋಣಿ ವಿಷಯಕ್ಕಲ್ಲ. ಇನ್ನೊಂದು ಉಳೀತು: ಅವನಿಗೆ ವಯಸ್ಸಾಗುತ್ತೆ, ಅವಳಿಗಿಲ್ಲ. ಮುಂದೆ?

ಮಧ್ಯಂತರ

ಚಿತ್ರ ಆ ಕಡೆ ಹೋಗಲ್ಲ. ಆದರೆ ಗಾಯಕಿ ಪಾಮಿ ಹಾಡಿರೋ ಹಾಡಿದೆಯಲ್ಲ, ಹಳೆಯ ಥಾಯ್ ಹಾಡನ್ನೇ ಹೊಸದಾಗಿ ಹಾಡಿಸಿದ್ದು, ಅದರ ಪಲ್ಲವಿಯ ಆಸೆ ಕಾಲವನ್ನ ನಿಲ್ಲಿಸಬೇಕು ಅನ್ನೋದು. ಇರೋ ಗಳಿಗೆಯನ್ನ ಹಿಡಿದಿಟ್ಕೋಬೇಕು ಅನ್ನೋ ಹಾಡನ್ನ ಒಬ್ಬ ಮನುಷ್ಯ, ಒಬ್ಬಳು ದೆವ್ವ ಇರೋ ಕಥೆಗೆ ಆರಿಸಿದವರಿಗೆ ನಿಮ್ಮ ಪ್ರಶ್ನೆ ಹೊಳೆದೇ ಇರುತ್ತೆ.

ಹರಳೆಣ್ಣೆ

ಹಾಡಿನ ಸಾಲಿಗೆ ಸಬ್‌ಟೈಟಲೇ ಇರಲಿಲ್ಲ ನಾನು ನೋಡಿದ ಪ್ರತಿಯಲ್ಲಿ. ಇನ್ನೊಂದ್ಸಲ ನೋಡ್ತೀನಿ, ಮಾಕ್ ಮುಖ ಮಾತ್ರ.